ಸಂಘದಲ್ಲಿ ಶ್ರಾವಕನ ಹೊಣೆ: ಪ್ರಾಚೀನ ಸಾಹಿತ್ಯ ಮತ್ತು ಶಾಸನಗಳ ಬೆಳಕಿನಲ್ಲಿ

ಜೈನಧರ್ಮವು ವ್ಯಕ್ತಿಪ್ರಧಾನವಾದ ಧರ್ಮವೆಂಬ ಮಾತು ವಿದ್ವಾಂಸರಲ್ಲಿಯೂ ಜನಸಾಮಾನ್ಯರಲ್ಲಿಯೂ ರೂಢವಾಗಿದೆ. ಕರ್ಮವನ್ನು ಕಟ್ಟಿಕೊಳ್ಳುವವನು ಜೀವನೇ. ಅದರ ಫಲವನ್ನು ಉಣ್ಣುವವನೂ ಜೀವನೇ. ಅದನ್ನು ಕಳಚಿಕೊಂಡು ಮುಕ್ತನಾಗುವವನೂ ಜೀವನೇ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವಾನುಪ್ರೇಕ್ಷೆಯು ಬೋಧಿಸುವುದೂ ಇದನ್ನೇ. ಈ ಒಂದು ಮಾತನ್ನು ಮಾತ್ರ ಹಿಡಿದುಕೊಂಡವರು, ಹಾಗಾದರೆ ಸಮಾಜದ ಹೊಣೆಯು ಧರ್ಮದ ವಿಷಯವೇ ಅಲ್ಲ, ಅದು ಕೇವಲ ಲೋಕವ್ಯವಹಾರ ಎಂದು ಭಾವಿಸುವುದುಂಟು.

ಆದರೆ ಅದೇ ಧರ್ಮವು ತೀರ್ಥಂಕರನಿಗೆ ಆ ಹೆಸರನ್ನು ಕೊಟ್ಟಿರುವುದು ಅವನು ತೀರ್ಥವನ್ನು ಪ್ರವರ್ತಿಸುವನೆಂಬ ಕಾರಣದಿಂದ. ಆ ತೀರ್ಥವು ನಡೆದುಬರುವುದು ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರೆಂಬ ಚತುರ್ವಿಧ ಸಂಘದಲ್ಲಿ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಒಂದೊಂದು ದ್ರವ್ಯವು ಮಾಡುವ ಉಪಕಾರವನ್ನು ಹೇಳುತ್ತ, ಧರ್ಮದ್ರವ್ಯಕ್ಕೆ ಚಲನೆಗೆ ನೆರವಾಗುವುದನ್ನೂ ಆಕಾಶಕ್ಕೆ ಎಡೆಗೊಡುವುದನ್ನೂ ಹೇಳಿ, ಜೀವಗಳಿಗೆ ಒಂದಕ್ಕೊಂದು ನೆರವಾಗುವುದನ್ನು ಹೇಳಿದ್ದಾರೆ. ಅಂದರೆ ಪರೋಪಕಾರವು ಜೀವದ ಮೇಲೆ ಹೊರಗಿನಿಂದ ಹೊರಿಸಿದ ಭಾರವಲ್ಲ. ಎಡೆಗೊಡುವುದು ಆಕಾಶಕ್ಕೆ ಹೇಗೋ ಹಾಗೆ ಜೀವಕ್ಕೆ ಅದು ಸಹಜವಾದದ್ದು.

ಹಾಗಿದ್ದರೆ ಸಂಘದಲ್ಲಿ ಒಬ್ಬ ವ್ಯಕ್ತಿಯ ಪಾತ್ರವೇನು? ಅವನು ಎಲ್ಲಿಯವರೆಗೆ ಹೊಣೆಗಾರ? ಆ ಹೊಣೆಯನ್ನು ಅವನಿಗೆ ವಹಿಸುವವರು ಯಾರು? ಬಸದಿಗಳ ಆಡಳಿತ, ದತ್ತಿಗಳ ನಿರ್ವಹಣೆ, ಸಮಾಜದ ನಾಯಕತ್ವ ಇವುಗಳ ಬಗ್ಗೆ ಮಾತು ಬಂದಾಗಲೆಲ್ಲ ಏಳುವ ಈ ಪ್ರಶ್ನೆಗಳಿಗೆ ಪೂರ್ವಾಚಾರ್ಯರ ಗ್ರಂಥಗಳೂ ಕರ್ನಾಟಕದ ಶಾಸನಗಳೂ ಸ್ಪಷ್ಟವಾದ ಉತ್ತರಗಳನ್ನು ಇರಿಸಿವೆ.

ಎಂಟು ಅಂಗಗಳಲ್ಲಿ ನಾಲ್ಕು

ಕನ್ನಡದ ಜೈನ ಕವಿಗಳು ಭಕ್ತಿಯಿಂದ ನೆನೆಯುವ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕೇವಲ 150 ಶ್ಲೋಕಗಳ ಗ್ರಂಥ. ಗೃಹಸ್ಥನ ಬಾಳಿಗೆ ಬೇಕಾದ ಸಮಸ್ತವೂ ಅದರಲ್ಲಿ ಅಡಕವಾಗಿದೆ. ಅಲ್ಲಿ ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳನ್ನು ಹೇಳಿದೆ. ನಿಃಶಂಕಿತ, ನಿಷ್ಕಾಂಕ್ಷಿತ, ನಿರ್ವಿಚಿಕಿತ್ಸಾ, ಅಮೂಢದೃಷ್ಟಿ ಎಂಬ ಮೊದಲ ನಾಲ್ಕು ಮುಖ್ಯವಾಗಿ ವ್ಯಕ್ತಿಯ ಅಂತರಂಗಕ್ಕೆ ಸಂಬಂಧಿಸಿದವು. ಉಪಗೂಹನ, ಸ್ಥಿತೀಕರಣ, ವಾತ್ಸಲ್ಯ, ಪ್ರಭಾವನಾ ಎಂಬ ಉಳಿದ ನಾಲ್ಕು ಇತರರ ಕಡೆಗೆ ತಿರುಗಿದವು. ಮಾರ್ಗಕ್ಕೆ ಬಂದ ಕಳಂಕವನ್ನು ತೊಡೆಯುವುದು ಉಪಗೂಹನ. ಜಾರುತ್ತಿರುವವನನ್ನು ಮತ್ತೆ ನೆಲೆಗೆ ನಿಲ್ಲಿಸುವುದು ಸ್ಥಿತೀಕರಣ. ಸಹಧರ್ಮಿಗಳಲ್ಲಿ ಕಪಟವಿಲ್ಲದ ಪ್ರೀತಿ ವಾತ್ಸಲ್ಯ. ಅಜ್ಞಾನದ ಕತ್ತಲೆಯನ್ನು ಕಳೆದು ಜಿನಶಾಸನದ ಮಹಿಮೆಯನ್ನು ಬೆಳಗುವುದು ಪ್ರಭಾವನಾ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಕ್ಷರವೊಂದು ತಪ್ಪಿದ ಮಂತ್ರವು ವಿಷವನ್ನು ಇಳಿಸಲಾರದು. ಹಾಗೆಯೇ ಅಂಗಹೀನವಾದ ದರ್ಶನವು ಭವಪರಂಪರೆಯನ್ನು ಕತ್ತರಿಸಲಾರದು ಎಂಬುದು ಆಚಾರ್ಯರ ಅಭಿಪ್ರಾಯ. ಎಂದಮೇಲೆ, ಸಂಘದ ಕಡೆಗೆ ತಿರುಗಿದ ಈ ನಾಲ್ಕನ್ನು ಬಿಟ್ಟವನ ವೈಯಕ್ತಿಕ ಸಾಧನೆಯೂ ಅಪೂರ್ಣವೇ ಆಗುತ್ತದೆ. ಏಕತ್ವವನ್ನು ಬೋಧಿಸಿದ ಧರ್ಮವೇ ಸಂಘದ ಹೊಣೆಯನ್ನು ಮೋಕ್ಷಮಾರ್ಗದ ಒಳಗೆ ಇರಿಸಿದ ಬಗೆ ಇದು.

ಆಚಾರ್ಯರು ಎಂಟು ಅಂಗಗಳಿಗೂ ಒಬ್ಬೊಬ್ಬರನ್ನು ದೃಷ್ಟಾಂತವಾಗಿ ಹೆಸರಿಸಿದ್ದಾರೆ. ಅವರ ಕಥೆಗಳನ್ನು ಪ್ರಭಾಚಂದ್ರರು ತಮ್ಮ ಸಂಸ್ಕೃತ ಟೀಕೆಯಲ್ಲಿ ವಿಸ್ತರಿಸಿ ಹೇಳಿದ್ದಾರೆ. ನೋಂಪಿಯ ದಿನಗಳಲ್ಲಿ ಕೇಳಿ ಪರಿಚಿತವಾದ ಈ ಕಥೆಗಳನ್ನು ಹೊಣೆಗಾರಿಕೆಯ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸುವುದು ಉಪಯುಕ್ತ.

ಶ್ರುತಸಾಗರರು ನಿಂತ ಇರುಳು

ವಾತ್ಸಲ್ಯಕ್ಕೆ ದೃಷ್ಟಾಂತವಾದ ವಿಷ್ಣುಕುಮಾರ ಮುನಿಗಳ ಕಥೆಯು ಆರಂಭವಾಗುವುದು ಬೇರೊಬ್ಬ ಮುನಿಯ ತಪ್ಪಿನಿಂದ. ಅಕಂಪನಾಚಾರ್ಯರು 700 ಮುನಿಗಳ ಸಂಘದೊಡನೆ ಉಜ್ಜಯಿನಿಯ ಹೊರವಲಯದಲ್ಲಿ ತಂಗಿದ್ದರು. ರಾಜ ಶ್ರೀವರ್ಮನು ಬಲಿ ಮೊದಲಾದ ನಾಲ್ವರು ಮಂತ್ರಿಗಳೊಡನೆ ದರ್ಶನಕ್ಕೆ ಬರುವನೆಂದು ತಿಳಿದ ಆಚಾರ್ಯರು, ಅವರೊಡನೆ ಯಾರೂ ಮಾತನಾಡಕೂಡದು, ಮಾತನಾಡಿದರೆ ಸಂಘಕ್ಕೆ ಅಪಾಯವುಂಟು ಎಂದು ಅಪ್ಪಣೆಯಿತ್ತರು. ಎಲ್ಲರೂ ಮೌನವಾಗಿದ್ದರು. ಆದರೆ ಚರ್ಯೆಗೆ ಹೋಗಿದ್ದ ಶ್ರುತಸಾಗರ ಮುನಿಗಳಿಗೆ ಈ ಅಪ್ಪಣೆ ತಿಳಿದಿರಲಿಲ್ಲ. ದಾರಿಯಲ್ಲಿ ಎದುರಾದ ಮಂತ್ರಿಗಳು ಹೀಯಾಳಿಸಿದಾಗ ಅವರು ವಾದಕ್ಕೆ ನಿಂತು, ಅನೇಕಾಂತದ ಬಲದಿಂದ ನಾಲ್ವರನ್ನೂ ಸೋಲಿಸಿ ಬಂದರು.

ಬಂದು ಗುರುಗಳಿಗೆ ನಿವೇದಿಸಿದಾಗ ಪ್ರಶಂಸೆ ದೊರೆಯಲಿಲ್ಲ. ಈ ಗೆಲುವಿನಿಂದ ಸಂಘವೆಲ್ಲವೂ ಅಪಾಯಕ್ಕೆ ಸಿಲುಕಿತು. ವಾದ ನಡೆದ ಸ್ಥಳಕ್ಕೇ ಹೋಗಿ ಇರುಳೆಲ್ಲ ಒಬ್ಬರೇ ನಿಂತರೆ ಸಂಘವು ಉಳಿಯುವುದು, ತಪ್ಪಿಗೆ ಶುದ್ಧಿಯೂ ಆಗುವುದು ಎಂದು ಆಚಾರ್ಯರು ತಿಳಿಸಿದರು. ಶ್ರುತಸಾಗರರು ಅಪ್ಪಣೆಯನ್ನು ತಾವು ಕೇಳಿರಲಿಲ್ಲವೆಂದು ವಾದಿಸಲಿಲ್ಲ. ಹೋಗಿ ಕಾಯೋತ್ಸರ್ಗದಲ್ಲಿ ನಿಂತರು. ಸಂಘವನ್ನೇ ಕೊಲ್ಲಲು ಕತ್ತಿ ಹಿರಿದು ಹೊರಟ ಮಂತ್ರಿಗಳು ನಡುದಾರಿಯಲ್ಲಿ ಅವರನ್ನು ಕಂಡು, ನಾಲ್ವರೂ ಒಟ್ಟಿಗೆ ಕೈಯೆತ್ತಿದಾಗ ನಗರದೇವತೆಯು ಅವರನ್ನು ಅಲ್ಲಿಯೇ ಸ್ತಂಭಿಸಿದಳು. ಬೆಳಗಾದಾಗ ಊರೆಲ್ಲ ಕಂಡಿತು. ರಾಜನು ಅವರನ್ನು ದೇಶದಿಂದ ಹೊರಗಟ್ಟಿದನು.

ವಾದದಲ್ಲಿ ಗೆದ್ದ ಕೀರ್ತಿ ಒಬ್ಬರದು. ಅದರ ಬೆಲೆ ತೆರಬೇಕಾದವರು 700 ಮಂದಿ. ತಿಳಿಯದೆ ಮಾಡಿದ ಕಾರ್ಯವೇ ಆದರೂ, ಅದರ ಪರಿಣಾಮವು ಸಂಘದ ಮೇಲೆ ಬೀಳುವುದಾದರೆ ಮಾಡಿದವನೇ ಮುಂದೆ ನಿಲ್ಲಬೇಕೆಂಬುದು ಕಥೆಯ ಈ ಭಾಗದ ತಾತ್ಪರ್ಯ. ಉದ್ದೇಶವು ಶುದ್ಧವಾಗಿತ್ತು ಎಂಬುದು ಕರ್ಮಬಂಧದ ವಿಚಾರದಲ್ಲಿ ಮುಖ್ಯವಾಗಬಹುದು. ಸಂಘದ ರಕ್ಷಣೆಯ ವಿಚಾರದಲ್ಲಿ ಅಷ್ಟೇ ಸಾಲದು.

ರಾಜನ ಉತ್ತರ, ಮುನಿಯ ಉತ್ತರ

ಹೊರಗಟ್ಟಲ್ಪಟ್ಟ ಮಂತ್ರಿಗಳು ಹಸ್ತಿನಾಪುರದ ಪದ್ಮರಾಜನ ಆಶ್ರಯ ಪಡೆದರು. ಬಲಿಯು ರಾಜನಿಗೆ ಉಪಕಾರ ಮಾಡಿ ವರವೊಂದನ್ನು ಗಳಿಸಿದನು. ಮುಂದೆ ಅಕಂಪನಾಚಾರ್ಯರ ಸಂಘವು ಆ ನಗರಕ್ಕೆ ಬಂದಾಗ ಆ ವರದ ಬಲದಿಂದ ಏಳು ದಿನಗಳ ರಾಜ್ಯವನ್ನು ಬೇಡಿ ಪಡೆದು, ಮುನಿಗಳ ಸುತ್ತ ಯಜ್ಞದ ನೆಪದಲ್ಲಿ ಬೆಂಕಿ ಹೊಗೆಗಳನ್ನೆಬ್ಬಿಸಿ ಘೋರ ಉಪಸರ್ಗವನ್ನು ಮಾಡತೊಡಗಿದನು.

ಪದ್ಮರಾಜನ ಸಹೋದರರಾದ ವಿಷ್ಣುಕುಮಾರ ಮುನಿಗಳು ದೂರದ ಪರ್ವತದಲ್ಲಿ ತಪಸ್ಸಿನಲ್ಲಿದ್ದರು. ಕ್ಷುಲ್ಲಕರೊಬ್ಬರು ಬಂದು, ಅವರಿಗೆ ವಿಕ್ರಿಯಾಋದ್ಧಿ ಸಿದ್ಧಿಸಿರುವುದೆಂದೂ ಅವರಿಂದ ಮಾತ್ರ ಉಪಸರ್ಗವು ನಿವಾರಣೆಯಾಗುವುದೆಂದೂ ತಿಳಿಸಿದರು. ತಮಗೆ ಅಂಥ ಶಕ್ತಿಯಿದೆಯೆಂಬುದೇ ಅವರಿಗೆ ತಿಳಿದಿರಲಿಲ್ಲ. ಪರೀಕ್ಷಿಸಲೆಂದು ಕೈ ಚಾಚಿದಾಗ ಅದು ಪರ್ವತವನ್ನು ಭೇದಿಸಿ ಹೋಯಿತು. ಆಗ ಹಸ್ತಿನಾಪುರಕ್ಕೆ ಬಂದು, ತನ್ನ ನಗರದಲ್ಲಿಯೇ ಇಂಥ ಅನ್ಯಾಯವನ್ನು ಹೇಗೆ ನಡೆಯಗೊಟ್ಟೆಯೆಂದು ರಾಜನನ್ನು ಪ್ರಶ್ನಿಸಿದರು. ರಾಜನಿತ್ತ ಉತ್ತರ ಇಷ್ಟೇ: ವರವನ್ನು ಕೊಟ್ಟಾಗಿದೆ, ತಾನೇನು ಮಾಡಬಲ್ಲೆ.

ಅಧಿಕಾರದಲ್ಲಿರುವವನು ಹೀಗೆ ತನ್ನ ಕೈ ಕಟ್ಟಿದೆಯೆಂದು ಹೇಳಿದನು. ಅಧಿಕಾರವೆಲ್ಲವನ್ನೂ ಬಿಟ್ಟು ಬಂದ ಮುನಿಯು ಹಾಗೆ ಹೇಳಲಿಲ್ಲ. ಅವರು ವಾಮನರೂಪವನ್ನು ತಳೆದು ಬಲಿಯನ್ನು ಮೂರು ಹೆಜ್ಜೆ ಭೂಮಿ ಬೇಡಿದರು. ಒಂದು ಹೆಜ್ಜೆಯನ್ನು ಮೇರುವಿನ ಮೇಲೆ, ಮತ್ತೊಂದನ್ನು ಮಾನುಷೋತ್ತರ ಪರ್ವತದ ಮೇಲೆ ಇರಿಸಿ, ಮೂರನೆಯದಕ್ಕೆ ಎಡೆಯಿಲ್ಲದಂತೆ ಮಾಡಿ ಉಪಸರ್ಗವನ್ನು ನಿಲ್ಲಿಸಿದರು. ಶ್ರಾವಣ ಹುಣ್ಣಿಮೆಯ ರಕ್ಷಾಬಂಧನವನ್ನು ಜೈನ ಪರಂಪರೆಯು ಈ ಘಟನೆಯೊಡನೆ ಜೋಡಿಸಿ ಆಚರಿಸುತ್ತ ಬಂದಿದೆ.

ಕಥೆಯನ್ನು ಹೇಳುವವರು ಇಲ್ಲಿಗೆ ನಿಲ್ಲಿಸುವುದೇ ಹೆಚ್ಚು. ಆದರೆ ಇದರ ಮುಂದಿನ ಭಾಗವೂ ಅಷ್ಟೇ ಮುಖ್ಯವಾದದ್ದು. ಮುನಿಯಾದವನು ಋದ್ಧಿಯನ್ನು ಬಳಸಿ ವೇಷವನ್ನು ಬದಲಿಸಿದ್ದು ಮುನಿಧರ್ಮಕ್ಕೆ ಸಲ್ಲದ ಕಾರ್ಯ. ವಿಷ್ಣುಕುಮಾರರು ಕಾರ್ಯ ಮುಗಿದೊಡನೆ ಗುರುಗಳ ಬಳಿಗೆ ಹೋಗಿ ಪ್ರಾಯಶ್ಚಿತ್ತವನ್ನು ಸ್ವೀಕರಿಸಿ ಮತ್ತೆ ತಪಸ್ಸಿಗೆ ನಿಂತರು. 700 ಮುನಿಗಳ ಪ್ರಾಣವನ್ನು ಉಳಿಸಿದವರು ತಮಗೆ ನಿಯಮದಿಂದ ವಿನಾಯಿತಿಯನ್ನು ಕೇಳಲಿಲ್ಲ. ಸಂಘಕ್ಕಾಗಿ ಅಸಾಧಾರಣವಾದ ಹೆಜ್ಜೆಯನ್ನು ಇಡಬೇಕಾಗಿ ಬರಬಹುದು. ಆದರೆ ಇಟ್ಟವನು ಅದಕ್ಕೆ ಉತ್ತರವನ್ನೂ ಒಪ್ಪಿಸಬೇಕು. ಸೇವೆ ಮಾಡಿದವನೆಂಬ ಕಾರಣದಿಂದ ಯಾರೂ ನಿಯಮಕ್ಕೆ ಅತೀತರಾಗುವುದಿಲ್ಲ.

ವಣಿಕನ ಮನೆಯ ರತ್ನ

ಉಪಗೂಹನಕ್ಕೆ ದೃಷ್ಟಾಂತವಾದವನು ಮುನಿಯಲ್ಲ, ರಾಜನೂ ಅಲ್ಲ. ಅವನು ಗೌಡದೇಶದ ತಾಮ್ರಲಿಪ್ತಿಯೆಂಬ ಬಂದರಿನ ಜಿನೇಂದ್ರಭಕ್ತನೆಂಬ ಶ್ರೇಷ್ಠಿ. ಅವನ ಏಳು ನೆಲೆಯ ಮನೆಯ ಜಿನಾಲಯದಲ್ಲಿ ಪಾರ್ಶ್ವನಾಥಸ್ವಾಮಿಯ ಮುಕ್ಕೊಡೆಯಲ್ಲಿ ಅಮೂಲ್ಯವಾದ ವೈಡೂರ್ಯವೊಂದು ಇದ್ದಿತು. ಅದನ್ನು ಕದಿಯಲೆಂದು ಸೂರ್ಯನೆಂಬ ಕಳ್ಳನು ಕ್ಷುಲ್ಲಕನ ವೇಷವನ್ನು ಧರಿಸಿ, ಉಪವಾಸಗಳಿಂದ ಮೈಯನ್ನು ಬಡವಾಗಿಸಿಕೊಂಡು ಬಂದನು. ಅವನನ್ನು ನಂಬಿದ ಶ್ರೇಷ್ಠಿಯು ಸಮುದ್ರಯಾನಕ್ಕೆ ಹೊರಡುವಾಗ ರತ್ನದ ಕಾವಲನ್ನು ಅವನಿಗೇ ವಹಿಸಿ, ಊರ ಹೊರಗೆ ಬೀಡುಬಿಟ್ಟನು. ನಡುರಾತ್ರಿಯಲ್ಲಿ ಕಳ್ಳನು ರತ್ನದೊಡನೆ ಹೊರಟಾಗ ಅದರ ಬೆಳಕನ್ನು ಕಂಡ ತಳವಾರರು ಬೆನ್ನಟ್ಟಿದರು. ಓಡಲಾರದೆ ಅವನು ಶ್ರೇಷ್ಠಿಯ ಬೀಡಿಗೇ ಬಂದು ಮರೆಹೊಕ್ಕನು. ಶ್ರೇಷ್ಠಿಗೆ ಎಲ್ಲವೂ ಅರ್ಥವಾಯಿತು. ಆದರೂ ಅವನು ತಳವಾರರಿಗೆ, ಈ ತಪಸ್ವಿಯು ತನ್ನ ಮಾತಿನಂತೆಯೇ ರತ್ನವನ್ನು ತಂದಿರುವನೆಂದು ಹೇಳಿ ಅವರನ್ನು ಕಳುಹಿಸಿದನು. ಅನಂತರ ರತ್ನವನ್ನು ಹಿಂದಕ್ಕೆ ಪಡೆದು, ಆ ಇರುಳೇ ಅವನನ್ನು ಹೊರಗಟ್ಟಿದನು.

ಈ ಕಥೆಯು ಸಮಾಜದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವುದೂ ಉಂಟು, ಹೆಚ್ಚಾಗಿ ದುರುಪಯೋಗವಾಗುವುದೂ ಉಂಟು. ಬಸದಿಯ ಹಣದಲ್ಲಿ ಏರುಪೇರಾದಾಗ, ದತ್ತಿಯ ಆಸ್ತಿಯು ಪರರ ಪಾಲಾದಾಗ, ಹೊರಗೆ ಹೇಳಿದರೆ ಧರ್ಮಕ್ಕೆ ಅಪಕೀರ್ತಿ, ಇದು ಉಪಗೂಹನದ ಸಂದರ್ಭ ಎಂದು ಹಿರಿಯರು ವಿಷಯವನ್ನು ಮುಚ್ಚುವುದಿದೆ. ಆದ್ದರಿಂದ ಕಥೆಯ ವಿವರಗಳನ್ನು ಒಂದೊಂದಾಗಿ ನೋಡುವುದು ಅಗತ್ಯ.

ಮೊದಲನೆಯದಾಗಿ, ಸಮಂತಭದ್ರರ ಲಕ್ಷಣದಲ್ಲಿ ರಕ್ಷಣೆಗೆ ಪಾತ್ರವಾಗುವುದು ಸ್ವತಃ ಶುದ್ಧವಾದ ಮಾರ್ಗವೇ ಹೊರತು ತಪ್ಪಿತಸ್ಥನಲ್ಲ. ಅಜ್ಞಾನಿಗಳಿಂದ, ಅಶಕ್ತರಿಂದ ಮಾರ್ಗಕ್ಕೆ ಬಂದ ನಿಂದೆಯನ್ನು ತೊಡೆಯುವುದೇ ಉಪಗೂಹನ. ಎರಡನೆಯದಾಗಿ, ಶ್ರೇಷ್ಠಿಯು ರತ್ನವನ್ನು ಹಿಂದಕ್ಕೆ ಪಡೆದನು. ನಷ್ಟವನ್ನು ನಷ್ಟವಾಗಿಯೇ ಬಿಡಲಿಲ್ಲ. ಮೂರನೆಯದಾಗಿ, ಕಳ್ಳನನ್ನು ಹೊರಗಟ್ಟಿದನು. ಮರುದಿನ ಮತ್ತೆ ಅವನ ಕೈಗೆ ಕಾವಲನ್ನು ಒಪ್ಪಿಸಲಿಲ್ಲ. ನಾಲ್ಕನೆಯದಾಗಿ, ಮತ್ತು ಇದು ಎಲ್ಲಕ್ಕಿಂತ ಮುಖ್ಯವಾದದ್ದು, ಆ ರತ್ನವಿದ್ದುದು ಅವನ ಸ್ವಂತ ಮನೆಯ ಜಿನಾಲಯದಲ್ಲಿ. ವೇಷವನ್ನು ನೋಡಿ ನಂಬಿ ಕಾವಲಿಗಿಟ್ಟವನೂ ಅವನೇ. ತಳವಾರರ ಮುಂದೆ ಅವನು ಹೊತ್ತದ್ದು ತನ್ನದೇ ಎಚ್ಚರಗೇಡಿತನದ ಭಾರವನ್ನು. ಹತ್ತಾರು ಮನೆಗಳಿಂದ ಕೂಡಿಬಂದ ಹಣ ಕಳೆದುಹೋದುದನ್ನು ಆ ಮನೆಗಳವರಿಗೇ ತಿಳಿಸದೆ ಮುಚ್ಚುವವನು ಜಿನೇಂದ್ರಭಕ್ತನ ಹೆಸರನ್ನು ಹೇಳಲು ಅರ್ಹನಲ್ಲ. ತನ್ನದನ್ನು ಕಳೆದುಕೊಂಡು ಮೌನವಾಗಿರುವುದು ಕ್ಷಮೆ ಎನಿಸಬಹುದು. ಪರರದನ್ನು ಕಳೆದು ಮೌನವಾಗಿರುವುದು ಅಸ್ತೇಯವ್ರತಕ್ಕೇ ಕುಂದು.

ಶ್ರೇಷ್ಠಿಯ ಮಾತು ಸುಳ್ಳಲ್ಲವೇ ಎಂಬ ಶಂಕೆಗೂ ಗ್ರಂಥದಲ್ಲಿಯೇ ಸಮಾಧಾನವಿದೆ. ಗೃಹಸ್ಥನ ಸತ್ಯಾಣುವ್ರತದಲ್ಲಿ ಸ್ಥೂಲವಾದ ಅಸತ್ಯವನ್ನು ಆಡಬಾರದು. ಅಂತೆಯೇ ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದಿದೆ. ಈ ವಿನಾಯಿತಿಯು ಇನ್ನೊಬ್ಬರ ವಿಪತ್ತನ್ನು ತಡೆಯುವುದಕ್ಕಾಗಿ ಇರುವಂಥದು. ಹೇಳುವವನ ಲಾಭಕ್ಕಾಗಿ ಅಲ್ಲ.

ಜಾರಿದವನ ಜೊತೆಗಾರ

ಸ್ಥಿತೀಕರಣದ ಕಥೆಯು ಚಿಕ್ಕದು. ಶ್ರೇಣಿಕ ಮಹಾರಾಜನ ಮಗ ವಾರಿಷೇಣನು ಮುನಿಯಾದನು. ಅವನ ಸ್ನೇಹದ ದಾಕ್ಷಿಣ್ಯದಿಂದಲೇ ಪುಷ್ಪಡಾಲನೆಂಬ ಮಂತ್ರಿಪುತ್ರನೂ ದೀಕ್ಷೆ ಪಡೆದನು. ಆದರೆ ಅವನು ಹನ್ನೆರಡು ವರ್ಷಗಳ ಕಾಲ ಮನೆಯಲ್ಲಿ ಬಿಟ್ಟು ಬಂದ ಹೆಂಡತಿಯನ್ನೇ ನೆನೆಯುತ್ತಿದ್ದನು. ಇದನ್ನರಿತ ವಾರಿಷೇಣ ಮುನಿಗಳು ಅವನನ್ನು ಜನರ ಮುಂದೆ ನಿಂದಿಸಲಿಲ್ಲ, ಸಂಘದಿಂದ ಹೊರಹಾಕಲೂ ಇಲ್ಲ. ತಮ್ಮ ಅರಮನೆಗೇ ಕರೆದೊಯ್ದು, ತಾವು ತೊರೆದ ರಾಣಿಯರನ್ನು ಸರ್ವಾಲಂಕಾರದೊಡನೆ ಕರೆಸಿ, ಇವರನ್ನೂ ಯುವರಾಜಪದವಿಯನ್ನೂ ಬೇಕಾದರೆ ಸ್ವೀಕರಿಸೆಂದರು. ಗೆಳೆಯನು ಬಿಟ್ಟುದೆಷ್ಟು, ತಾನು ಹಿಡಿದುಕೊಂಡಿರುವುದೆಷ್ಟು ಎಂಬುದನ್ನು ಕಂಡ ಪುಷ್ಪಡಾಲನು ನಾಚಿ ಸ್ಥಿರನಾದನು.

ಉಪಗೂಹನ, ಸ್ಥಿತೀಕರಣಗಳನ್ನು ಜೊತೆಯಾಗಿ ನೋಡಿದಾಗ ಪೂರ್ವಾಚಾರ್ಯರ ವಿವೇಕವು ಗೋಚರಿಸುತ್ತದೆ. ವಂಚಿಸಲೆಂದೇ ಬಂದ ಸೂರ್ಯನಿಗೆ ಹೊರದಾರಿ. ಪ್ರಾಮಾಣಿಕನಾಗಿದ್ದು ದುರ್ಬಲನಾದ ಪುಷ್ಪಡಾಲನಿಗೆ ಆಸರೆ. ಇಬ್ಬರಿಗೂ ಬೀದಿಯಲ್ಲಿ ಅವಮಾನವಿಲ್ಲ. ಇಬ್ಬರನ್ನೂ ಒಂದೇ ಸಮನಾಗಿ ನಡೆಸಿಕೊಳ್ಳುವ ಸಮಾಜವು ಒಳ್ಳೆಯವರನ್ನು ಕಳೆದುಕೊಂಡು ವಂಚಕರನ್ನು ಉಳಿಸಿಕೊಳ್ಳುತ್ತದೆ.

ಅಂಗಡಿಯಲ್ಲಿ ಆರಂಭವಾಗುವ ಹೊಣೆ

ಸಂಘದ ಹೊಣೆಯು ಬಸದಿಯ ಬಾಗಿಲಲ್ಲಿ ಆರಂಭವಾಗುವುದಿಲ್ಲ. ಅಸ್ತೇಯಾಣುವ್ರತದ ಅತಿಚಾರಗಳಲ್ಲಿ ಸಮಂತಭದ್ರರು ಕದ್ದ ಮಾಲನ್ನು ಕೊಳ್ಳುವುದನ್ನೂ, ಒಂದರಂತೆ ಕಾಣುವ ಮತ್ತೊಂದನ್ನು ಬೆರೆಸುವುದನ್ನೂ, ಕೊಳ್ಳುವಾಗ ಒಂದು ಅಳತೆ ಮಾರುವಾಗ ಒಂದು ಅಳತೆ ಇಡುವುದನ್ನೂ ಹೇಳಿದ್ದಾರೆ. ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ಲೋಭದಿಂದ ಅತಿಯಾಗಿ ಸಂಗ್ರಹಿಸಿಡುವುದನ್ನೂ, ಪ್ರಾಣಿಗಳ ಮೇಲೆ ಮಿತಿಮೀರಿ ಭಾರ ಹೇರುವುದನ್ನೂ ಎಣಿಸಿದ್ದಾರೆ. ಕಲಬೆರಕೆಯ ಲಾಭದಿಂದ ಕಟ್ಟಿಸಿದ ಮಾನಸ್ತಂಭವು ಅತಿಚಾರವನ್ನು ತೊಳೆಯಲಾರದು. ಗಳಿಕೆಯ ಶುದ್ಧಿಯೇ ದಾನದ ಮೊದಲ ಮೆಟ್ಟಿಲು. ತನ್ನ ಪರಿಗ್ರಹಕ್ಕೆ ತಾನೇ ಮಿತಿಯನ್ನು ಹಾಕಿಕೊಂಡ ಶ್ರಾವಕನಿಗೆ, ಆ ಮಿತಿಯನ್ನು ಮೀರಿ ಬಂದುದನ್ನು ಹಂಚುವುದು ಔದಾರ್ಯವೆನಿಸುವುದಿಲ್ಲ. ಅದು ವ್ರತದ ಪಾಲನೆಯೇ ಆಗುತ್ತದೆ.

ಅತ್ತಿಮಬ್ಬೆ ಮತ್ತು ಮಲ್ಲಿಕಬ್ಬೆ

ಕಥೆಗಳಲ್ಲಿ ಕಂಡ ಈ ಹೊಣೆಯು ಕರ್ನಾಟಕದ ಇತಿಹಾಸದಲ್ಲಿ ಕೃತಿರೂಪವನ್ನು ಪಡೆದುದಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆಯೇ ಶ್ರೇಷ್ಠ ನಿದರ್ಶನ. ಬಳೆಗಾರರ ಮನೆತನದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನನು 993ರಲ್ಲಿ ಆಕೆಯ ಆಶ್ರಯದಲ್ಲಿ ರಚಿಸಿದ ಅಜಿತಪುರಾಣದಿಂದ ಆಕೆಯ ವೃತ್ತಾಂತವು ತಿಳಿದುಬರುತ್ತದೆ. ಆಕೆಯ ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪುನ್ನಮಯ್ಯನೂ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದವರು. ಆಕೆಯೂ ತಂಗಿ ಗುಂಡಮಬ್ಬೆಯೂ ಚಾಲುಕ್ಯರ ಸೇನಾನಿ ನಾಗದೇವನನ್ನು ವರಿಸಿದ್ದರು. ನಾಗದೇವನು ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗ ಅಣ್ಣಿಗದೇವನೊಡನೆ ಉಳಿದಳು. ಬೆಂಕಿಗೆ ಬೀಳುವುದನ್ನು ಸಮಂತಭದ್ರರು ಲೋಕಮೂಢತೆಗಳಲ್ಲಿ ಎಣಿಸಿರುವುದನ್ನು ಇಲ್ಲಿ ನೆನೆಯಬಹುದು. ಉಳಿದ ಆಯುಷ್ಯವನ್ನು ಆಕೆ ವ್ರತಕ್ಕೂ ಸಂಘಕ್ಕೂ ಸಲ್ಲಿಸಿದಳು.

ತಂದೆ ಚಿಕ್ಕಪ್ಪಂದಿರು ಬರೆಯಿಸಿದ ಶಾಂತಿಪುರಾಣಕ್ಕೆ ಆಕೆ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಮುದ್ರಣವಿಲ್ಲದ ಕಾಲದಲ್ಲಿ ಹನ್ನೆರಡು ಆಶ್ವಾಸಗಳ ಚಂಪೂಕಾವ್ಯವನ್ನು ಓಲೆಗರಿಯ ಮೇಲೆ ಒಂದು ಸಲ ಬರೆಯುವುದೇ ದೀರ್ಘ ಶ್ರಮದ ಕೆಲಸ. ಗರಿಗಳನ್ನು ಹದಗೊಳಿಸಬೇಕು, ಕಂಠದಿಂದ ಅಕ್ಷರಗಳನ್ನು ಕೊರೆಯಬೇಕು, ಮಸಿ ಲೇಪಿಸಬೇಕು, ಪ್ರತಿಯನ್ನು ಮೂಲದೊಡನೆ ತಾಳೆ ನೋಡಬೇಕು. ಇಂಥ ಸಾವಿರ ಪ್ರತಿಗಳೆಂದರೆ ಅನೇಕ ಲಿಪಿಕಾರರ ಸಂಸಾರಗಳಿಗೆ ವರ್ಷಗಟ್ಟಲೆ ಅನ್ನವೂ ಆಯಿತು, ಅನೇಕ ಬಸದಿಗಳಿಗೆ ಶಾಸ್ತ್ರವೂ ಆಯಿತು. ಹೊಸ ಕಾವ್ಯವನ್ನು ಬರೆಯಿಸಿದುದಕ್ಕಿಂತ ಇದ್ದ ಕಾವ್ಯವು ಅಳಿಯದಂತೆ ನೋಡಿಕೊಂಡ ಈ ಕಾರ್ಯವು ಕಡಮೆಯದಲ್ಲ. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯವು ಇಂದಿಗೂ ನಿಂತಿದೆ. ಅಲ್ಲಿಯ 1007ರ ಶಾಸನವು ಆಕೆಯ ಧರ್ಮಕಾರ್ಯವನ್ನು ಸಾರುತ್ತಿದೆ. ಈ ಯಾವುದನ್ನೂ ಆಕೆಗೆ ಸಂಘವು ವಹಿಸಿರಲಿಲ್ಲ. ಆಕೆಗೆ ಯಾವ ಆಡಳಿತದ ಪದವಿಯೂ ಇರಲಿಲ್ಲ.

ಅತ್ತಿಮಬ್ಬೆಯಷ್ಟು ಪ್ರಸಿದ್ಧಳಲ್ಲದ ಮಲ್ಲಿಕಬ್ಬೆಯ ಕಾರ್ಯವೂ ಸ್ಮರಣೀಯವಾದದ್ದು. ಶಾಂತಿಸೇನನ ಪತ್ನಿಯಾದ ಆಕೆ ಶ್ರೀಪಂಚಮಿಯ ನೋಂಪಿಯನ್ನು ಕೈಕೊಂಡು, ಅದರ ಉದ್ಯಾಪನೆಗೆಂದು ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘಣಂದಿ ಮುನಿಗಳಿಗೆ ಅರ್ಪಿಸಿದಳೆಂದು ಆ ಗ್ರಂಥದ ಪ್ರಶಸ್ತಿಯು ತಿಳಿಸುತ್ತದೆ. ಧವಲಾ, ಜಯಧವಲಾ, ಮಹಾಧವಲಾ ಎಂದು ಪ್ರಸಿದ್ಧವಾದ ಈ ಸಿದ್ಧಾಂತಗ್ರಂಥಗಳ ಪ್ರಾಚೀನ ಓಲೆಪ್ರತಿಗಳು ಭರತಖಂಡದಲ್ಲಿ ಬೇರೆಲ್ಲಿಯೂ ಉಳಿಯದೆ ಮೂಡಬಿದಿರೆಯಲ್ಲಿ ಮಾತ್ರ ಉಳಿದುಬಂದವು. ಅವುಗಳಿಂದ ಮಾಡಿದ ಪ್ರತಿಗಳ ಆಧಾರದಿಂದ 1939ರಲ್ಲಿ ಧವಲೆಯ ಮೊದಲ ಸಂಪುಟವು ಅಚ್ಚಾಗಿ ಬೆಳಕು ಕಂಡಿತು. ಒಬ್ಬ ಗೃಹಿಣಿಯು ತನ್ನ ನೋಂಪಿಯ ಮುಕ್ತಾಯಕ್ಕೆಂದು ಮಾಡಿಸಿದ ಕೆಲಸವು ಶತಮಾನಗಳ ಅನಂತರ ಸಮಸ್ತ ಜೈನಸಂಘದ ನಿಧಿಯಾಯಿತು. ಇಂದು ಅನೇಕ ಕಡೆಗಳಲ್ಲಿ ನೋಂಪಿಯ ಉದ್ಯಾಪನೆಯು ಪಾತ್ರೆಗಳ ಹಂಚಿಕೆಯಲ್ಲಿ ಮುಗಿಯುತ್ತಿರುವುದನ್ನು ನೋಡಿದಾಗ ಶಾಸ್ತ್ರದಾನದ ಈ ಪರಂಪರೆಯು ಮತ್ತೆ ನೆನಪಾಗಬೇಕಾಗಿದೆ.

ಬುಸುವಿ ಸೆಟ್ಟಿ ಮತ್ತು ಒಂದು ಹಣದ ವ್ಯವಸ್ಥೆ

ಶ್ರವಣಬೆಳಗೊಳದ ಭಂಡಾರಿ ಬಸದಿಯು ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದುದು. ಅಲ್ಲಿರುವ 1368ರ ಬುಕ್ಕರಾಯನ ಶಾಸನವು ಧರ್ಮಸಾಮರಸ್ಯದ ಶಾಸನವೆಂದು ನಾಡಿಗೆಲ್ಲ ಪರಿಚಿತವಾಗಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಮೊದಲಾದ ಕ್ಷೇತ್ರಗಳ ಆಚಾರ್ಯರ ಸಮ್ಮುಖದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನದರ್ಶನಕ್ಕೆ ಹಿಂದಿನಿಂದ ಬಂದ ಪಂಚಮಹಾವಾದ್ಯಗಳೂ ಕಳಶವೂ ಸಲ್ಲುವುವೆಂದೂ, ಅದಕ್ಕಾದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮದೆಂದೇ ಭಾವಿಸಬೇಕೆಂದೂ ಕಟ್ಟುಮಾಡಿದನು.

ಇಷ್ಟು ಭಾಗವು ಬಹಳ ಜನರಿಗೆ ತಿಳಿದಿದೆ. ಶಾಸನದ ಉತ್ತರಾರ್ಧವು ಸಂಘದ ವ್ಯವಸ್ಥೆಯ ದೃಷ್ಟಿಯಿಂದ ಇನ್ನೂ ಬೋಧಪ್ರದವಾಗಿದೆ. ರಾಜ್ಯದ ಜೈನರೆಲ್ಲರ ಒಪ್ಪಿಗೆಯಿಂದ ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಎತ್ತುವವನು ತಿರುಮಲೆಯ ತಾತಯ್ಯ. ಆ ಹೊನ್ನಿನಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸಬೇಕು. ಉಳಿದುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣಬಳಿಸಿ ಸರಿಪಡಿಸಬೇಕು. ತಪ್ಪಿ ನಡೆದವನು ಅರಸನಿಗೆ ಮಾತ್ರವಲ್ಲದೆ ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯಾಗುವನೆಂದು ಶಾಸನವು ಎಚ್ಚರಿಸುತ್ತದೆ.

ಮನೆಯೊಂದಕ್ಕೆ ಒಂದೇ ಹಣ. ಸಿರಿವಂತನ ಮನೆಗೂ ಅಷ್ಟೇ, ಬಡವನ ಮನೆಗೂ ಅಷ್ಟೇ. ಹೀಗಾಗಿ ತೀರ್ಥದ ರಕ್ಷಣೆಯಲ್ಲಿ ಯಾವ ಮನೆಯ ಪಾಲೂ ಇನ್ನೊಂದಕ್ಕಿಂತ ಹಿರಿದೆನಿಸಲಿಲ್ಲ. ಹಣವು ಯಾವುದಕ್ಕೆ ಸಲ್ಲಬೇಕೆಂಬುದನ್ನು ಎತ್ತುವ ಮೊದಲೇ ನಿಗದಿ ಮಾಡಲಾಯಿತು. ಉಳಿಕೆಯ ವಿನಿಯೋಗವನ್ನು ಕೂಡ ಕಲ್ಲಿನಲ್ಲಿ ಬರೆಯಿಸಲಾಯಿತು, ಮತ್ತು ಆ ಉಳಿಕೆಯು ಹೋದುದು ಹೊಸ ಕಟ್ಟಡಕ್ಕಲ್ಲ, ಜೀರ್ಣೋದ್ಧಾರಕ್ಕೆ. ನಿನ್ನೆಯವರೆಗೆ ವಿವಾದದ ಎದುರುಪಕ್ಷವಾಗಿದ್ದ ಸಮಾಜದ ಗಣ್ಯನೊಬ್ಬನ ಕೈಗೆ ಸಂಗ್ರಹವನ್ನೂ ವಿನಿಯೋಗವನ್ನೂ ಒಪ್ಪಿಸಿದುದರಲ್ಲಿ ಎಂಥ ಧೈರ್ಯವಿದೆ ಎಂಬುದನ್ನು ಲೆಕ್ಕಪತ್ರದ ವ್ಯವಹಾರ ಬಲ್ಲವರು ಊಹಿಸಬಲ್ಲರು.

ಈ ಶಾಸನದ ಕೊನೆಗೆ ಒಬ್ಬ ವ್ಯಕ್ತಿಯ ಹೆಸರು ಬರುತ್ತದೆ. ಅವನು ಕಲ್ಲೇಹದ ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದವನು ಅವನೇ. ಕಲ್ಲೇಹವೆಂದರೆ ಇಂದಿನ ಮಾಗಡಿ ತಾಲ್ಲೂಕಿನ ಕಲ್ಯ. ಅಲ್ಲಿಯೂ ಇದೇ ವಿಷಯದ ಶಾಸನವಿದೆ. ಅವನು ದಂಡನಾಯಕನಾಗಿರಲಿಲ್ಲ, ಅವನ ಹೆಸರೇ ಹೇಳುವಂತೆ ಒಬ್ಬ ಸೆಟ್ಟಿ. ಕಾರ್ಯವು ನೆರವೇರಿದ ಮೇಲೆ ಎರಡೂ ಸಮಯದವರು, ಅಂದರೆ ಜೈನರೂ ವೈಷ್ಣವರೂ ಕೂಡಿ, ಅವನಿಗೆ ಸಂಘನಾಯಕ ಪದವಿಯನ್ನು ಕಟ್ಟಿದರು.

ಈ ಅನುಕ್ರಮವೇ ಇಲ್ಲಿ ವಿಚಾರಾರ್ಹವಾದದ್ದು. ಬುಸುವಿ ಸೆಟ್ಟಿಯು ಸಂಘನಾಯಕನಾದುದರಿಂದ ಆ ಕೆಲಸವನ್ನು ಮಾಡಲಿಲ್ಲ. ಆ ಕೆಲಸವನ್ನು ಮಾಡಿದುದರಿಂದ ಸಂಘನಾಯಕನಾದನು. ವಿಷ್ಣುಕುಮಾರರು ಅಧಿಕಾರವನ್ನು ತೊರೆದ ಮೇಲೆ ಸಂಘವನ್ನು ಉಳಿಸಿದರು. ಅಧಿಕಾರದಲ್ಲಿದ್ದ ಪದ್ಮರಾಜನು ಕೈಚೆಲ್ಲಿದನು. ದಾನಚಿಂತಾಮಣಿ ಎಂಬ ಬಿರುದು ಅತ್ತಿಮಬ್ಬೆಯ ದಾನವನ್ನು ಹಿಂಬಾಲಿಸಿ ಬಂದದ್ದು. ಹೊಣೆಯು ಮೊದಲು, ಪದವಿಯು ಅನಂತರ ಎಂಬುದು ಪುರಾಣಕಥೆಯಲ್ಲಿಯೂ ಶಿಲಾಶಾಸನದಲ್ಲಿಯೂ ಸಮಾನವಾಗಿ ಕಂಡುಬರುವ ಕ್ರಮ. ಪದವಿ ದೊರೆತರೆ ಹೊಣೆಯನ್ನು ಹೊರುವೆನೆನ್ನುವವರು ಆ ಕ್ರಮವನ್ನು ತಿರುವುಮುರುವು ಮಾಡುತ್ತಾರೆ.

ಇಂದಿನ ಸಂಘಗಳಿಗೆ

ಕಾಲವು ಬದಲಾಗಿದೆ. ಬಸದಿಗಳ ಆಡಳಿತವು ಇಂದು ಕಾನೂನಿನ ಚೌಕಟ್ಟಿನಲ್ಲಿ, ನೋಂದಾಯಿತವಾದ ಟ್ರಸ್ಟುಗಳ ಮೂಲಕ, ಲೆಕ್ಕಪರಿಶೋಧಕರ ಸಹಿಯೊಡನೆ ನಡೆಯುತ್ತದೆ. ಆದರೆ ಕಾನೂನು ನೋಡುವುದು ಲೆಕ್ಕವು ತಾಳೆಯಾಗಿದೆಯೇ ಎಂಬುದನ್ನು. ಮನೆಗೊಂದು ಹಣ ಕೊಟ್ಟವನಿಗೆ ಆ ಹಣ ಎಲ್ಲಿ ಸಂದಿತೆಂದು ತಿಳಿಯಿತೇ, ಉಳಿಕೆಯಿಂದ ಯಾವ ಜೀರ್ಣ ಬಸದಿಗೆ ಸುಣ್ಣ ಬಿದ್ದಿತು ಎಂಬುದನ್ನು ನೋಡಬೇಕಾದವರು ಶ್ರಾವಕರೇ. ಪಂಚಕಲ್ಯಾಣದ ಸವಾಲುಗಳಲ್ಲಿ ಲಕ್ಷಗಟ್ಟಲೆ ಕೂಡುವ ಊರಿನ ಪಕ್ಕದ ಹಳ್ಳಿಯಲ್ಲಿಯೇ, ಶ್ರಾವಕರ ಮನೆಗಳು ಇಲ್ಲವಾದ ಕಾರಣ ನಿತ್ಯಪೂಜೆ ನಿಂತ ಬಸದಿಯೊಂದು ಇರಬಹುದು; ಅದರ ಓಲೆಗ್ರಂಥಗಳನ್ನು ಗೆದ್ದಲು ತಿನ್ನುತ್ತಿರಬಹುದು. ಅಂಥಲ್ಲಿ ಸಂಘವು ಏಕೆ ಸುಮ್ಮನಿದೆ ಎಂದು ಕೇಳುವವರು ಹಲವರು. ಸಂಘವೆಂದರೆ ತಾನೂ ಒಬ್ಬನೆಂದು ಎಣಿಸಿಕೊಂಡು ಮುಂದೆ ಬರುವವನು ಒಬ್ಬನು ಸಾಕು.

ಹಾಗೆ ಮುಂದೆ ಬಂದವನಿಗೆ ಸಂಘವು ಸಲ್ಲಿಸಬೇಕಾದ ಹೊಣೆಯೂ ಇದೆ. ಅವನ ತಪ್ಪನ್ನು ಏಕಾಂತದಲ್ಲಿ ತಿದ್ದಬೇಕು. ಅವನು ದಣಿದಾಗ ವಾರಿಷೇಣರಂತೆ ಜೊತೆಗೆ ನಿಲ್ಲಬೇಕು. ಅವನಿಂದ ಲೆಕ್ಕವನ್ನು ಕೇಳಲು ಸಂಕೋಚಪಡಬಾರದು, ಕೇಳುವುದನ್ನು ಅವನೂ ಅವಮಾನವೆಂದು ಭಾವಿಸಬಾರದು. ವಿಷ್ಣುಕುಮಾರರಂಥವರೇ ಗುರುಗಳ ಮುಂದೆ ಹೋಗಿ ನಿಂತಮೇಲೆ, ವರ್ಷಕ್ಕೊಮ್ಮೆ ಸಭೆಯ ಮುಂದೆ ಆಯವ್ಯಯವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸುವುದು ಯಾವ ಅಧ್ಯಕ್ಷರಿಗೂ ಯಾವ ಧರ್ಮದರ್ಶಿಗಳಿಗೂ ಭಾರವಾಗಬಾರದು.

ಮುಂದಿನ ಶ್ರುತಪಂಚಮಿಯಂದು ಪ್ರತಿಯೊಂದು ಬಸದಿಯಲ್ಲಿಯೂ ಶಾಸ್ತ್ರಭಂಡಾರದ ಬಾಗಿಲನ್ನು ತೆರೆದು, ಇರುವ ಗ್ರಂಥಗಳ ಪಟ್ಟಿಯನ್ನು ಮಾಡಿ, ಧೂಳು ಝಾಡಿಸಿ, ಹೊಸ ವಸ್ತ್ರವನ್ನು ಸುತ್ತಿ ಇಡುವ ಕೆಲಸವನ್ನಾದರೂ ಒಬ್ಬೊಬ್ಬ ಶ್ರಾವಕನೋ ಶ್ರಾವಿಕೆಯೋ ವಹಿಸಿಕೊಳ್ಳಬಹುದು. ಅದಕ್ಕೆ ಯಾವ ಸಮಿತಿಯ ನಿರ್ಣಯವೂ ಬೇಕಾಗಿಲ್ಲ. ಬೀಗದ ಕೈಯನ್ನು ಕೇಳಿ ಪಡೆದು, ಕೆಲಸ ಮುಗಿದ ಮೇಲೆ ಪಟ್ಟಿಯೊಡನೆ ಹಿಂದಿರುಗಿಸಿದರೆ ಸಾಕು.